ಹಸಿ ಬೇವಿನ ತುಂಡುಗಳು ಬಟ್ಟಲಾಗುವ ಮೊದಲೇ ಏಕೆ ಸೀಳುತ್ತವೆ?

ಓದುಗರ ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಹಳ್ಳಿಯವನು. ನೌಕರಿಯಿಂದ ನಿವೃತ್ತನಾದ ಮೇಲೆ ಚಿಕ್ಕದೊಂದು ಕಟ್ಟಿಗೆ ಲೇತ್ ಕೊಂಡು ಬಟ್ಟಲು ಕಡೆಯುವ ಹವ್ಯಾಸ ಹಚ್ಚಿಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಬೀಸಿದ ಗಾಳಿಗೆ ನಮ್ಮ ಹೊಲದ ಬದುವಿನ ಹಳೆಯ ಬೇವಿನ ಗಿಡ ಉರುಳಿತು. ಅದರಿಂದ 14 ತುಂಡು ಮಾಡಿಕೊಂಡೆ. ಕೆಲವನ್ನು ರೊಟ್ಟಿಯಂತೆ ಅಡ್ಡಲಾಗಿ ಕೊಯ್ದೆ, ಕೆಲವನ್ನು ಉದ್ದಕ್ಕೆ ಎರಡು ಹೋಳು ಮಾಡಿದೆ. ಒಣಗಲಿ ಎಂದು ತಗಡಿನ ಶೆಡ್ಡಿನಲ್ಲಿ ಜೋಡಿಸಿಟ್ಟೆ. ಹತ್ತೇ ದಿನದಲ್ಲಿ 11 ಸೀಳಿದವು. ರಾತ್ರಿ ಟಪ್ ಟಪ್ ಎಂದು ಸದ್ದು ಕೇಳುತ್ತಿತ್ತು. ಒಂದನ್ನು ಮಾತ್ರ ಒಳಗೂ ಹೊರಗೂ ಅರ್ಧ ಕಡೆದಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು. ಬೇಸರಪಟ್ಟು ಅದನ್ನು ಹೊಟ್ಟಿನ ಚೀಲದಲ್ಲೇ ಬಿಟ್ಟುಬಿಟ್ಟೆ. ತಿಂಗಳಾದ ಮೇಲೆ ತೆಗೆದು ನೋಡಿದರೆ ಸೊಟ್ಟಗಾಗಿದೆ, ಆದರೆ ಕೂದಲೆಳೆಯಷ್ಟೂ ಸೀಳಿಲ್ಲ. ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಅಮಾವಾಸ್ಯೆಗೆ ಕಡಿಯಬೇಕಿತ್ತು, ಇಂಚಿಗೊಂದು ವರ್ಷ ನೆರಳಲ್ಲಿಡಬೇಕು, ಕುಸುಬೆ ಎಣ್ಣೆಯಲ್ಲಿ ಅದ್ದಬೇಕು, ಸೆಗಣಿ ಬಳಿಯಬೇಕು. ನಮ್ಮ ಬಿಸಿಲಿಗೆ ಈ ಕೆಲಸವೇ ಆಗದೆ? ಇನ್ನೂ ಎರಡು ದೊಡ್ಡ ದಿಮ್ಮಿ ಬಿದ್ದಿವೆ. ಅವನ್ನು ಏನು ಮಾಡಲಿ?

ಉತ್ತರ: ಸೀಳಿದ 11 ತುಂಡುಗಳಿಗಿಂತ ಚೀಲದಲ್ಲಿ ಉಳಿದ ಆ ಒಂದೇ ಬಟ್ಟಲು ನನಗೆ ಹೆಚ್ಚು ಹೇಳಿತು. ಅದೂ ಅದೇ ಗಿಡದ್ದು, ಅದೇ ಶೆಡ್ಡಿನದು, ಅದೇ ಮೇ ತಿಂಗಳ ಬಿಸಿಲಿನಲ್ಲಿ ಇದ್ದದ್ದು. ಆದರೂ ಉಳಿಯಿತು. ಹಸಿ ಇರುವಾಗಲೇ ಒಳಗನ್ನು ತೋಡಿ, ಅದರದೇ ಹೊಟ್ಟಿನಲ್ಲಿ ಹುದುಗಿಸಿ ಇಡುವುದನ್ನು ನಾನು ಕಲಬುರಗಿಯಲ್ಲಿ ಲೇತ್ ಹಿಡಿದ ಇಷ್ಟು ವರ್ಷಗಳಿಂದ ಬೇಕೆಂದೇ ಮಾಡುತ್ತ ಬಂದಿದ್ದೇನೆ. ನೀವು ಬೇಸರದಲ್ಲಿ ಮಾಡಿದಿರಿ, ಅಷ್ಟೇ ವ್ಯತ್ಯಾಸ.

ರಾತ್ರಿ ಕೇಳಿದ ಸದ್ದಿನ ಕಾರಣ ತಿಳಿದುಕೊಂಡರೆ ಉಳಿದದ್ದು ಸುಲಭ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ನೆನೆಹಾಕಿದ ತೊಗರಿ ಬೇಳೆಯನ್ನು ನೆನಪಿಸಿಕೊಳ್ಳಿ. ಪಾತ್ರೆಯ ನೀರು ಬಸಿದರೆ ಬೇಳೆಯ ಗಾತ್ರ ಬದಲಾಗುವುದಿಲ್ಲ, ಬೇಳೆಯೊಳಗೆ ಇಂಗಿದ ನೀರು ಆರತೊಡಗಿದಾಗ ಮಾತ್ರ ಅದು ಮುದುಡುತ್ತದೆ. ಮರದಲ್ಲೂ ಹಾಗೆಯೇ. ಜೀವಕೋಶಗಳ ಪೊಳ್ಳಿನಲ್ಲಿರುವ ನೀರು ಮೊದಲು ಹೋಗುತ್ತದೆ, ಆಗ ತೂಕ ಇಳಿಯುತ್ತದೆ, ಆಕಾರ ಕದಲುವುದಿಲ್ಲ. ತೇವಾಂಶ ಸುಮಾರು 28–30 ಶೇಕಡಾಕ್ಕೆ ಇಳಿದ ಮೇಲೆ ಕೋಶಗಳ ಗೋಡೆಯಲ್ಲಿ ಹಿಡಿದುಕೊಂಡ ನೀರು ಹೊರಡಲು ಶುರುವಾಗುತ್ತದೆ. ಮರ ಕುಗ್ಗುವುದು ಅಲ್ಲಿಂದ. (ಮರದ ಲೆಕ್ಕದಲ್ಲಿ ತೇವಾಂಶವನ್ನು ಪೂರ್ತಿ ಒಣಗಿದ ಕಟ್ಟಿಗೆಯ ತೂಕಕ್ಕೆ ಹೋಲಿಸಿ ಹೇಳುತ್ತಾರೆ. ಹಾಗಾಗಿ ಹಸಿ ಮರದ ತೇವಾಂಶ 70 ಶೇಕಡಾ, ಕೆಲವೊಮ್ಮೆ 100 ಶೇಕಡಾ ದಾಟಿದರೂ ಗಾಬರಿಯಾಗಬೇಡಿ.)

ಈಗ ನಿಮ್ಮ ತುಂಡುಗಳನ್ನು ನೋಡೋಣ. ಮೇಲ್ಮೈಯ ಒಂದೆರಡು ಮಿಲಿಮೀಟರ್ ಒಣಗಿ ಕುಗ್ಗಲು ಎಳೆಯುತ್ತಿದೆ, ಒಳಗಿನ ಐದಾರು ಇಂಚು ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇದೆ. ಹೊಟ್ಟೆ ತುಂಬಿದವನಿಗೆ ಮಗನ ಅಂಗಿ ತೊಡಿಸಿದ ಹಾಗೆ. ಎಲ್ಲೋ ಒಂದು ಕಡೆ ಹರಿಯಲೇಬೇಕು. ಅದರಲ್ಲೂ ಅಡ್ಡ ಕೊಯ್ದ ಮುಖದಿಂದ, ಅಂದರೆ ನಾರಿನ ತುದಿಗಳು ತೆರೆದಿರುವ ಕಡೆಯಿಂದ, ಪಕ್ಕಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ನೀರು ಹೊರಬೀಳುತ್ತದೆ. ಬಿರುಕು ಯಾವಾಗಲೂ ತುದಿಯಲ್ಲಿ ಮೊದಲು ಕಾಣುವುದು ಇದಕ್ಕೇ.

ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ ಎನ್ನುವುದು ಇನ್ನೊಂದು ಕಾರಣ. ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ. ತಿರುಳಿನಿಂದ, ಅಂದರೆ ದಿಮ್ಮಿಯ ನಟ್ಟನಡುವಿನಿಂದ, ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಬೆಳವಣಿಗೆಯ ಉಂಗುರದ ಸುತ್ತ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಒಂದು ಮರ ಸುತ್ತಲೂ 8 ಶೇಕಡಾ, ತಿರುಳಿನ ಕಡೆಗೆ 4 ಶೇಕಡಾ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ನೀವು ರೊಟ್ಟಿಯಂತೆ ಕೊಯ್ದ ತುಂಡಿನಲ್ಲಿ ಸುತ್ತಳತೆಗೆ ಸುಮಾರು 15 ಡಿಗ್ರಿಯಷ್ಟು ಕಟ್ಟಿಗೆ ಕಡಿಮೆ ಬೀಳುತ್ತದೆ. ರೊಟ್ಟಿಯಿಂದ ಸಣ್ಣ ತ್ರಿಕೋನದ ಚೂರು ಮುರಿದು ತೆಗೆದಂತೆ ತಿರುಳಿನಿಂದ ಅಂಚಿನವರೆಗೆ ಬಾಯಿ ತೆರೆಯುತ್ತದೆ. ನೆರಳಲ್ಲಿಡಿ, ಎಣ್ಣೆ ಹಚ್ಚಿ, ಮಂತ್ರ ಹಾಕಿಸಿ, ಇದು ತಪ್ಪುವುದಿಲ್ಲ, ತಡವಾಗಬಹುದು ಅಷ್ಟೇ. ನಡುವೆ ತಿರುಳು ಉಳಿದ ತುಂಡಿನಿಂದ ದೊಡ್ಡ ಬಟ್ಟಲು ಮಾಡುವ ಆಸೆಯನ್ನು ಮೊದಲ ಕೆಲವು ವರ್ಷ ಬಿಟ್ಟುಬಿಡಿ.

ಬಿಸಿಲಿನ ಪಾಲು ಎಷ್ಟು? ಮೇ ಮಧ್ಯಾಹ್ನ ನಮ್ಮಲ್ಲಿ 42 ಡಿಗ್ರಿ, ಗಾಳಿಯ ತೇವ 20 ಶೇಕಡಾದ ಆಸುಪಾಸು. ಅಂಥ ಗಾಳಿಯಲ್ಲಿ ಬಹಳ ದಿನ ಇಟ್ಟರೆ ಕಟ್ಟಿಗೆಯ ತೇವಾಂಶ 4–5 ಶೇಕಡಾಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ 80 ಶೇಕಡಾ ಇದ್ದಾಗ ಅದೇ ಕಟ್ಟಿಗೆ 15–16ರಲ್ಲಿ ನಿಲ್ಲುತ್ತದೆ. ತಗಡಿನ ಶೆಡ್ಡು ಅಂದರೆ ಹೊರಗಿನ ಬಿಸಿಲಿಗಿಂತ ಇನ್ನೊಂದು ಕೈ ಮೇಲು. ನೀವು ಅಲ್ಲಿ ಜೋಡಿಸಿಟ್ಟದ್ದು ಒಲೆಯಲ್ಲಿಟ್ಟಂತೆಯೇ ಆಯಿತು. ಕರಾವಳಿಯವರು ಮರವನ್ನು ಒಣಗಿಸಲು ಒದ್ದಾಡುತ್ತಾರೆ. ಕಲಬುರಗಿ, ಯಾದಗಿರಿ ಕಡೆಯವರು ಅದರ ಓಟಕ್ಕೆ ಲಗಾಮು ಹಾಕಲು ಒದ್ದಾಡಬೇಕು. ಲಗಾಮು ಹಾಕುವುದನ್ನು ಕಲಿತರೆ ನಮ್ಮ ಹವೆ ಲಾಭವೇ. ಬೇರೆ ಕಡೆ ವರ್ಷ ಹಿಡಿಯುವ ಬಟ್ಟಲು ಇಲ್ಲಿ ಕೆಲವೇ ತಿಂಗಳಲ್ಲಿ ಸಿದ್ಧ.

ಊರಿನವರ ಮಾತುಗಳಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಇಂಚಿಗೊಂದು ವರ್ಷ ಎನ್ನುವುದು ಸಾಲಾಗಿ ಜೋಡಿಸಿದ ಹಲಗೆಗಳಿಗೆ, ಅದೂ ತಂಪು ದೇಶಗಳಲ್ಲಿ ಹುಟ್ಟಿದ ಲೆಕ್ಕ. ಮೂರು ಇಂಚಿನ ಹೋಳನ್ನು ಮೂರು ವರ್ಷ ನೆರಳಲ್ಲಿಟ್ಟು ಕಾಯ್ದವರನ್ನು ಕಂಡಿದ್ದೇನೆ. ಸೀಳಬೇಕಾದದ್ದು ಮೊದಲ ಮೂರು ವಾರದಲ್ಲೇ ಸೀಳಿರುತ್ತದೆ, ಉಳಿದ ಕಾಲ ಅವರು ಕಾಯುವುದು ಸೌದೆಯನ್ನು.

ಅಮಾವಾಸ್ಯೆಯ ಮಾತಿಗೆ ನಾನು ನಗುವುದಿಲ್ಲ. ಎಳ್ಳಮಾಸೆಯ ಹೊತ್ತಿಗೆ ಕಡಿದ ಮರ ನಮ್ಮಲ್ಲಿ ಚೆನ್ನಾಗಿ ಉಳಿಯುತ್ತದೆ, ಅದು ನಿಜ. ಕಾರಣ ಚಂದ್ರನಲ್ಲ, ಚಳಿ. ಡಿಸೆಂಬರ್–ಜನವರಿಯಲ್ಲಿ ನೀರು ನಿಧಾನವಾಗಿ ಆರುತ್ತದೆ, ಹುಳುವಿನ ಓಡಾಟವೂ ಕಡಿಮೆ. ಅದೇ ಮರವನ್ನು ಯುಗಾದಿ ಅಮಾವಾಸ್ಯೆಗೆ ಕಡಿದು ನೋಡಿ, ಪಕ್ಷ ಒಂದೇ, ಫಲ ಬೇರೆ.

ತುದಿಗೆ ಸೆಗಣಿ ಬಳಿಯುವುದು ಮೂಢನಂಬಿಕೆಯಲ್ಲ. ಮಣ್ಣು ಕಲಸಿದ ಸೆಗಣಿ ನಾರಿನ ತುದಿಗಳನ್ನು ಮುಚ್ಚಿ ನೀರನ್ನು ತಡೆಯುತ್ತದೆ. ದೋಷ ಏನೆಂದರೆ ಅದು ಒಣಗಿ ಬಿರಿಯುತ್ತದೆ, ಮತ್ತೆ ಮತ್ತೆ ಬಳಿಯಬೇಕು. ನಾನು ಕರಗಿಸಿದ ಮೇಣ ಬಳಸುತ್ತೇನೆ. ಮುರಿದ ಮೇಣದಬತ್ತಿಗಳನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ಉಳಿದ ಗೋಡೆ ಬಣ್ಣದ ಎರಡು ದಪ್ಪ ಲೇಪವಾದರೂ ನಡೆಯುತ್ತದೆ. ಮುಖ್ಯ ಮಾತು ಎಂದರೆ ಕೊಯ್ದ ಅರ್ಧ ಗಂಟೆಯೊಳಗೆ ಹಚ್ಚಬೇಕು. ಸಂಜೆ ಹಚ್ಚಿದರಾಯಿತು ಎಂದು ಬಿಟ್ಟರೆ ಕಣ್ಣಿಗೆ ಕಾಣದ ಬಿರುಕುಗಳನ್ನು ಮೇಣದಡಿ ಮುಚ್ಚಿಟ್ಟ ಹಾಗೆ.

ಕುಸುಬೆ ಎಣ್ಣೆ ಒಣಗಿದ ಬಟ್ಟಲಿಗೆ ಒಳ್ಳೆಯ ಮೆರುಗು ಕೊಡುತ್ತದೆ. ಹಸಿ ಮರಕ್ಕೆ ಅದು ಇಳಿಯುವುದೇ ಇಲ್ಲ, ನೀರು ಆಗಲೇ ಜಾಗ ಹಿಡಿದಿರುತ್ತದೆ. ನಿಮ್ಮ ಎಣ್ಣೆ ಅಡುಗೆಮನೆಯಲ್ಲೇ ಇರಲಿ. ವಿಡಿಯೋ ನೋಡಿದವರು ಸ್ಪಿರಿಟ್‌ನಲ್ಲಿ ಮುಳುಗಿಸಿ ಎನ್ನುತ್ತಾರೆ. ಒಂದೇ ದಿಮ್ಮಿಯ ಜೋಡಿ ಬಟ್ಟಲುಗಳಲ್ಲಿ ಒಂದನ್ನು ಮುಳುಗಿಸಿ ಒಂದನ್ನು ಬಿಟ್ಟು ನೋಡಿದೆ, ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಐದು ಲೀಟರ್ ಸ್ಪಿರಿಟ್ ಇಟ್ಟುಕೊಳ್ಳುವ ಭಯ ಮಾತ್ರ ಉಳಿಯಿತು.

ಚನ್ನಪಟ್ಟಣದವರು ಕಟ್ಟಿಗೆಯನ್ನು ಒಣಗಿಸಿಯೇ ಕಡೆಯುತ್ತಾರಲ್ಲ ಎಂದೂ ನಿಮಗೆ ಅನ್ನಿಸಬಹುದು. ಅವರ ಹಾಲೆ ಮರ ನಯವಾದ, ಸಣ್ಣ ನಾರಿನ ಕಟ್ಟಿಗೆ, ಆಟಿಕೆಯ ತುಂಡುಗಳು ಕೈಮುಷ್ಟಿಯ ಗಾತ್ರದವು. ಒಂದು ಅಡಿ ಅಗಲದ ಬೇವಿನ ಬಟ್ಟಲಿಗೆ ಆ ರೂಢಿ ಹೊಂದುವುದಿಲ್ಲ.

ಇನ್ನು ಕೆಲಸದ ಕ್ರಮ. ದಿಮ್ಮಿಯನ್ನು ಆದಷ್ಟು ಉದ್ದವಾಗಿಯೇ ಇಟ್ಟುಕೊಳ್ಳಿ, ಅಂದು ಕಡೆಯುವಷ್ಟನ್ನು ಮಾತ್ರ ಕೊಯ್ಯಿರಿ. ತುಂಡಿನ ಉದ್ದ ಅದರ ಅಗಲಕ್ಕಿಂತ ನಾಲ್ಕು ಬೆರಳು ಹೆಚ್ಚಿರಲಿ, ತುದಿಯ ಸಣ್ಣ ಬಿರುಕುಗಳನ್ನು ಆಮೇಲೆ ಕತ್ತರಿಸಿ ಬಿಸಾಡಲು ಬರುತ್ತದೆ. ಎರಡೂ ತುದಿಯಲ್ಲಿ ತಿರುಳನ್ನು ಗುರುತಿಸಿ ಆ ಗೆರೆಯ ಮೇಲೆ ಉದ್ದಕ್ಕೆ ಸೀಳಿಸಿ. ಪ್ರತಿ ಹೋಳಿನಿಂದಲೂ ತಿರುಳಿನ ಕಡೆಯ ಎರಡು ಸೆಂಟಿಮೀಟರ್ ಹಲಗೆಯನ್ನು ತೆಗೆದುಹಾಕಿ. ಕಟ್ಟಿಗೆ ಹಾಳಾಯಿತಲ್ಲ ಎಂದು ಕರುಳು ಚುರುಕ್ ಎನ್ನುತ್ತದೆ, ಆದರೂ ತೆಗೆಯಿರಿ. ತಿರುಳು ಹೋದ ಅರ್ಧ ದಿಮ್ಮಿ ಕುಗ್ಗುವಾಗ ಚಪ್ಪಟೆ ಮುಖವನ್ನು ಸ್ವಲ್ಪ ಉಬ್ಬಿಸಿಕೊಂಡು ಸುಧಾರಿಸಿಕೊಳ್ಳುತ್ತದೆ.

ಅದೇ ದಿನ ಒರಟಾಗಿ ಕಡೆಯಿರಿ. ಗೋಡೆಯ ದಪ್ಪ ಬಟ್ಟಲಿನ ಅಗಲದ ಹತ್ತನೇ ಒಂದು ಪಾಲು. 25 ಸೆಂಟಿಮೀಟರ್ ಬಟ್ಟಲಿಗೆ ಎರಡೂವರೆ ಸೆಂಟಿಮೀಟರ್, ತಳವೂ ಅಷ್ಟೇ. ಈ ಹತ್ತನೇ ಪಾಲು ಎಲ್ಲಿಂದ ಬಂತು ನೋಡಿ. ನಾರಿಗೆ ಅಡ್ಡಲಾಗಿ 6 ಶೇಕಡಾ ಕುಗ್ಗಿದರೆ 25 ಸೆಂಟಿಮೀಟರ್ ಬಟ್ಟಲು ಒಂದು ಕಡೆ 15 ಮಿಲಿಮೀಟರ್ ಕಿರಿದಾಗುತ್ತದೆ, ನಾರಿನ ಉದ್ದಕ್ಕೆ ಹಾಗೆಯೇ ಉಳಿಯುತ್ತದೆ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದನ್ನು ಮತ್ತೆ ದುಂಡಗೆ ಮಾಡಲು ಪ್ರತಿ ಬದಿಗೆ ಏಳೂವರೆ ಮಿಲಿಮೀಟರ್ ಕಳೆಯಬೇಕು. ಗೋಡೆ 25 ಮಿಲಿಮೀಟರ್ ಇದ್ದರೆ ಇನ್ನೂ ಹದಿನೇಳೂವರೆ ಕೈಯಲ್ಲಿ ಉಳಿಯುತ್ತದೆ. 10 ಇದ್ದರೆ ಎರಡೂವರೆ ಉಳಿಯುತ್ತದೆ, ಅದು ಹಪ್ಪಳ. ಹಾಗೆಂದು ಭಯಕ್ಕೆ ನಾಲ್ಕು ಸೆಂಟಿಮೀಟರ್ ಬಿಟ್ಟರೆ ಮತ್ತೆ ಹೊರಗೊಂದು ಒಳಗೊಂದು ಒಣಗಿ ಸೀಳುತ್ತದೆ. ತಳ ದಪ್ಪ, ಗೋಡೆ ತೆಳು ಬಿಡುವುದು ಹೊಸಬರೆಲ್ಲ ಮಾಡುವ ತಪ್ಪು. ಸೀಳು ತಳದಿಂದಲೇ ಏಳುತ್ತದೆ.

ಕಡೆದ ಬಟ್ಟಲನ್ನು ಅದರದೇ ಹಸಿ ಹೊಟ್ಟಿನ ಸಮೇತ ದಪ್ಪ ಕಾಗದದ ಚೀಲದಲ್ಲಿ ಹಾಕಿ, ಇಲ್ಲವೇ ನಾಲ್ಕು ಮಡಿಕೆ ಪತ್ರಿಕೆಯಲ್ಲಿ ಸುತ್ತಿ. ಗೋಣಿಚೀಲ ನಮ್ಮ ಬೇಸಿಗೆಗೆ ಸಾಲದು, ಗಾಳಿ ನುಗ್ಗುತ್ತದೆ. ಪ್ಲಾಸ್ಟಿಕ್ ಚೀಲವಾದರೆ ನಾಲ್ಕೇ ದಿನಕ್ಕೆ ಬೂಷ್ಟು. ಶಹಾಬಾದ್ ಕಲ್ಲು ಹಾಸಿದ ಒಳಕೋಣೆಯ ನೆಲ, ಮಂಚದ ಕೆಳಗೆ, ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಬೇಸಿಗೆಯಲ್ಲಿ ಕೂಲರ್ ಓಡುವ ಕೋಣೆಯಾದರೂ ಸರಿ, ಆ ತೇವ ಬಟ್ಟಲಿಗೆ ಹಿತ. ಕೂಲರಿನ ಗಾಳಿ ನೇರ ಬಡಿಯಬಾರದು ಅಷ್ಟೇ. ಹತ್ತು ದಿನಕ್ಕೊಮ್ಮೆ ಹೊಟ್ಟನ್ನು ಬದಲಿಸಿ, ಕರಿ ಚುಕ್ಕೆ ಕಂಡರೆ ಒರೆಸಿ.

ಒಣಗಿತೇ ಎಂದು ತಿಳಿಯಲು ಯಂತ್ರ ಬೇಡ, ಅಡುಗೆಮನೆಯ ತಕ್ಕಡಿ ಸಾಕು. ಬಟ್ಟಲಿನ ತಳದ ಮೇಲೆ ಪೆನ್ಸಿಲಿನಿಂದ ತಾರೀಖು, ತೂಕ ಬರೆಯಿರಿ, ಪ್ರತಿ ಭಾನುವಾರ ಮತ್ತೆ ತೂಗಿ ಕೆಳಗೆ ಬರೆಯಿರಿ. 2,050 ಗ್ರಾಂ ಇದ್ದ ಬಟ್ಟಲು ಇಳಿಯುತ್ತ ಇಳಿಯುತ್ತ 1,300ಕ್ಕೆ ಬಂದು ಸತತ ಮೂರು ವಾರ ಅಲ್ಲೇ ನಿಂತರೆ ಅದು ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿತು ಎಂದರ್ಥ. ಮೊದಲ ವಾರವೇ ತೂಕ ದಬಕ್ಕನೆ ಬಿದ್ದರೆ ಇನ್ನೊಂದು ಸುತ್ತು ಕಾಗದ ಸುತ್ತಿ. ಒಂದು ಎಚ್ಚರ: ಶ್ರಾವಣದಲ್ಲಿ ತೂಕ ನಿಂತದ್ದು ಪೂರ್ತಿ ಒಣಗಿದ್ದಲ್ಲ, ಮಾರ್ಚ್‌ನಲ್ಲಿ ಮತ್ತೆ ಇಳಿಯುತ್ತದೆ. ಅದಕ್ಕೇ ನಾನು ಜೂನ್‌ನ ಮಿರಗದ ಮಳೆಯ ನಂತರ ಒರಟಾಗಿ ಕಡೆದಿಟ್ಟು, ಶಿವರಾತ್ರಿ ಆದ ಮೇಲೆ ಕೊನೆಯ ಕೈ ಹಾಕುತ್ತೇನೆ.

ಬೇರೆ ದಾರಿಗಳೂ ಇವೆ. ಒರಟು ಬಟ್ಟಲನ್ನು ದೊಡ್ಡ ಹಂಡೆಯಲ್ಲಿ, ಗೋಡೆಯ ಪ್ರತಿ ಇಂಚಿಗೆ ಒಂದು ಗಂಟೆಯಂತೆ ಕುದಿಸಿ ಆಮೇಲೆ ಸುತ್ತಿಡುವುದು. ಒಳಗಿನ ಬಿಗುವು ಸಡಿಲಾಗುತ್ತದೆ, ಹುಳುವಿನ ಮೊಟ್ಟೆಯೂ ಸಾಯುತ್ತದೆ. ಗಂಟುಗಂಟಾದ ತುಂಡುಗಳಿಗೆ ನಾನು ಇದನ್ನೇ ಮಾಡುವುದು. ಬಣ್ಣ ಸ್ವಲ್ಪ ಮಾಸುತ್ತದೆ, ಹಂಡೆ ಮತ್ತೆ ಸ್ನಾನಕ್ಕೆ ಒದಗುವುದಿಲ್ಲ. ಮೈಕ್ರೋವೇವ್‌ನಲ್ಲಿ ಕಡಿಮೆ ಕಾವಿನಲ್ಲಿ ಒಂದೆರಡು ನಿಮಿಷ, ಪೂರ್ತಿ ತಣಿಸಿ ಮತ್ತೆ ಒಂದೆರಡು ನಿಮಿಷ ಎಂದು ಒಣಗಿಸುವವರಿದ್ದಾರೆ. ಚಿಕ್ಕ ಬಟ್ಟಲಿಗೆ ಆದೀತು. ಆತುರಪಟ್ಟರೆ ಹೊರಗೆ ಏನೂ ಕಾಣದೆ ಒಳಗೊಳಗೇ ಕಮರುತ್ತದೆ, ಹೊಗೆ ಬಂದಾಗಲೇ ತಿಳಿಯುವುದು. ಮನೆಯವರ ಮೈಕ್ರೋವೇವ್ ಮುಟ್ಟಬೇಡಿ ಎನ್ನುವುದು ನನ್ನ ಸ್ವಂತ ಅನುಭವದ ಸಲಹೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಸಿಯಲ್ಲೇ ಒಂದೇ ಸಲಕ್ಕೆ ಮುಗಿಸುವುದು. ಗೋಡೆಯನ್ನು ಎಲ್ಲ ಕಡೆ ಒಂದೇ ಸಮ ಐದು ಮಿಲಿಮೀಟರಿಗೆ ಇಳಿಸಿಬಿಟ್ಟರೆ ಅದು ಸೀಳುವ ಬದಲು ಬಾಗುತ್ತದೆ. ಅಂಚು ಅಲೆಯಂತೆ ಏಳುತ್ತದೆ, ಬಾಯಿ ಮೊಟ್ಟೆಯಾಕಾರವಾಗುತ್ತದೆ. ಎರಡು ವಾರದಲ್ಲಿ ಒಣಗಿ ಗಟ್ಟಿ. ದುಂಡಗಿಲ್ಲವಲ್ಲ ಎನ್ನುವವರಿಗೆ ಸ್ಟೀಲಿನ ಅಂಗಡಿ ಇದ್ದೇ ಇದೆ. ಆದರೆ ಕೈ ಪಳಗಬೇಕು, ನಡುವೆ ಚಹಾಕ್ಕೆ ಎದ್ದು ಹೋಗುವಂತಿಲ್ಲ. ನೀವು ಕುಡಿದು ಬರುವಷ್ಟರಲ್ಲಿ ಅದು ಲೇತ್ ಮೇಲೆಯೇ ಸೊಟ್ಟಗಾಗಿರುತ್ತದೆ.

ಕರೆಂಟು ಹೋಗುವ ಊರಿನಲ್ಲಿ ಇದು ನಿಜವಾದ ತೊಡಕು. ಹಾಗಾದಾಗ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ. ಒಂದು ರಾತ್ರಿಗೆ ಪ್ಲಾಸ್ಟಿಕ್‌ನಿಂದ ತೊಂದರೆಯಿಲ್ಲ.

ಒಣ ಕಟ್ಟಿಗೆಯೇ ಬೇಕೆಂದರೆ ಹಲಗೆ ಅಂಗಡಿಗಿಂತ ಮೊದಲು ಕೆಡವುತ್ತಿರುವ ಹಳೆಯ ಮಾಳಿಗೆ ಮನೆಗಳ ಕಡೆ ನೋಡಿ. ಸಾಗುವಾನಿಯ ತೊಲೆ, ಬಾಗಿಲ ಚೌಕಟ್ಟು ಹಲವು ದಶಕ ಒಣಗಿ ಕುಳಿತಿರುತ್ತವೆ. ಕಡೆಯುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಇಲ್ಲದಿದ್ದರೆ ಉಳಿ ಹೋಯಿತು.

ಹಸಿ ಮರದಲ್ಲೇ ಕಲಿಯಬೇಕೆಂದರೆ ಬೇವಿಗಿಂತ ಬಳ್ಳಾರಿ ಜಾಲಿಯಿಂದ ಶುರುಮಾಡಿ. ಟ್ರ್ಯಾಕ್ಟರ್ ಟೈರಿಗೂ ಮುಳ್ಳು ಚುಚ್ಚುವ ಅದನ್ನು ಎಲ್ಲರೂ ಬೈಯುತ್ತಾರೆ, ಇದ್ದಲಿಗೆ ಸುಡುತ್ತಾರೆ. ಆದರೆ ಒಣಗುವಾಗ ಅದರಷ್ಟು ಕಡಿಮೆ ಕುಗ್ಗುವ ಮರ ನಮ್ಮ ಸುತ್ತ ನಾನು ಬೇರೆ ಕಂಡಿಲ್ಲ, ಎರಡೂ ದಿಕ್ಕಿಗೆ ಬಹುತೇಕ ಸಮನಾಗಿ ಕುಗ್ಗುತ್ತದೆ. ಕೆಚ್ಚಿನ ಬಣ್ಣ ಬೆಲ್ಲದ ಹಾಗೆ. ಕಡಿಯುವ ತೊಡಕೂ ಕಡಿಮೆ. ನಮ್ಮ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯಿಂದ ಬಿಟ್ಟ ಮರಗಳ ಪಟ್ಟಿಯಲ್ಲಿ ಅದರ ಜಾತಿ ಇದೆ. ನಿಂತ ಬೇವನ್ನು ಮಾತ್ರ ಸ್ವಂತ ಹೊಲದ್ದಾದರೂ ಅರಣ್ಯ ಇಲಾಖೆಯನ್ನು ಕೇಳದೆ ಕಡಿಸಬೇಡಿ. ಜಾಲಿಯ ದೂಳೂ ಬೇವಿನ ದೂಳೂ ಮೂಗು–ಗಂಟಲಿಗೆ ಉರಿ, ಮುಖಕ್ಕೆ ಮಾಸ್ಕ್ ಇರಲಿ. ಹುಣಸೆ ಆಮೇಲೆ ನೋಡಿದರಾಯಿತು, ಅದು ಹಟಮಾರಿ. ಮಾವು ಕಡೆಯಲು ಬೆಣ್ಣೆ, ಆದರೆ ತಡಮಾಡಿದರೆ ಕುಟ್ಟೆ ಹುಳು ನಿಮಗಿಂತ ಮೊದಲು ಕಡೆಯುತ್ತದೆ.

ಸೀಳಿದ ಆ 11 ತುಂಡುಗಳನ್ನು ಅಂಟು ತುಂಬಿ ಲೇತ್‌ಗೆ ಏರಿಸಬೇಡಿ. ಕೂದಲೆಳೆ ಬಿರುಕಿದ್ದ ಮಾವಿನ ತುಂಡೊಂದು ತಿರುಗುವಾಗ ಎರಡಾಗಿ, ಅರ್ಧ ನನ್ನ ಭುಜ ಸವರಿ ಹಿಂದಿನ ಟ್ಯೂಬ್‌ಲೈಟ್ ಒಡೆದಿತ್ತು. ನಾಲ್ಕು ಬೆರಳು ಆಚೆಗೆ ಬಂದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. ಸೀಳಿನ ಗುಂಟವೇ ಅವನ್ನು ಒಡೆದು, ಗಟ್ಟಿ ಉಳಿದ ಪಟ್ಟಿಗಳಿಂದ ಲಟ್ಟಣಿಗೆ, ಉಳಿಯ ಹಿಡಿ, ಮೊಮ್ಮಕ್ಕಳಿಗೆ ಬುಗುರಿ ಮಾಡಿ. ಒಳ್ಳೆಯ ತುಂಡನ್ನೂ ಮೊದಲು ನಿಧಾನ ತಿರುಗಿಸಿ. 10 ಇಂಚಿನದಕ್ಕೆ ನಿಮಿಷಕ್ಕೆ 600 ಸುತ್ತಿನಿಂದ 900ರ ಒಳಗೆ ಸಾಕು, ತೂಕ ಒಂದು ಕಡೆ ಎಳೆಯುತ್ತಿದ್ದರೆ ಇನ್ನೂ ಕಡಿಮೆ.

ಬಿದ್ದಿರುವ ಎರಡು ದಿಮ್ಮಿಗಳ ತುದಿಯನ್ನು ಮೊದಲು ನಾಲ್ಕು ಬೆರಳು ಕೊಯ್ದು ನೋಡಿ. ಬಿರುಕು ಇನ್ನೂ ಒಳಕ್ಕೆ ಹೋಗಿದ್ದರೆ, ಹೊಸ ಮುಖ ಸಿಗುವವರೆಗೆ ಕೊಯ್ಯಿರಿ. ತಕ್ಷಣ ಮೇಣ. ಕೃಷಿಹೊಂಡದಲ್ಲಿ ನೀರು ನಿಂತಿದ್ದರೆ ಅದರಲ್ಲೇ ಮುಳುಗಿಸಿ ಮೇಲೆ ಕಲ್ಲು ಹೇರಿ. ನೀರೊಳಗಿನ ಮರ ಸೀಳುವುದಿಲ್ಲ, ಹೊರಗಿನ ಬಿಳಿಮರದ ಪಿಷ್ಟವೂ ಕರಗಿ ಹುಳುವಿಗೆ ರುಚಿ ಕೆಡುತ್ತದೆ. ವಾಸನೆ ಬರುತ್ತದೆ, ಬಣ್ಣ ತುಸು ಬೂದಿಗೆ ತಿರುಗುತ್ತದೆ. ಮುಳುಗಿಸಿಟ್ಟರೆ ಒಣಗುತ್ತದೆ ಎಂದು ಮಾತ್ರ ತಿಳಿಯಬೇಡಿ, ನಿಮಗೆ ಸಮಯ ಸಿಗುತ್ತದೆ ಅಷ್ಟೇ. ವಾರಕ್ಕೊಂದು ತುಂಡು ತೆಗೆದು ಕಡೆಯಿರಿ. ಹೊಂಡವಿಲ್ಲದಿದ್ದರೆ ನೆಲಕ್ಕೆ ತಾಗದಂತೆ ಎರಡು ಕಲ್ಲಿನ ಮೇಲೆ, ತೊಗಟೆ ಸಮೇತ, ಗೋಡೆಯ ಉತ್ತರ ಬದಿಗೆ ಇಡಿ. ನೆಲಕ್ಕೆ ಬಿಟ್ಟರೆ ಗೆದ್ದಲಿಗೆ ಬಾಡೂಟ.

ಚೀಲದ ಆ ಸೊಟ್ಟ ಬಟ್ಟಲಿಗೆ ಈಗಲೇ ಉಳಿ ಹಾಕಬೇಡಿ. ಒಂದು ತಿಂಗಳಿಗೆ ಅದು ಪೂರ್ತಿ ಒಣಗಿರುವುದು ಕಷ್ಟ. ಮತ್ತೆ ಹೊಟ್ಟಿಗೆ ಹಾಕಿ, ಇಂದೇ ತೂಗಿ ತಳದ ಮೇಲೆ ತೂಕ ಬರೆಯಿರಿ. ಗೋಡೆಯ ದಪ್ಪವನ್ನು ಮೂರು ಕಡೆ ಅಳೆದಿಡಿ. ಎಲ್ಲೂ 15 ಮಿಲಿಮೀಟರಿಗೆ ಕಡಿಮೆ ಇಲ್ಲದಿದ್ದರೆ ಮತ್ತೆ ದುಂಡಗಾಗುತ್ತದೆ. ಕಡಿಮೆ ಇದ್ದರೆ ಸೊಟ್ಟಗೇ ಇರಲಿ, ಉಜ್ಜಿ ಕುಸುಬೆ ಎಣ್ಣೆ ಹಚ್ಚಿ ಶೇಂಗಾ ಹಾಕಿಡಲು ಬಳಸಿ.